ಅಪ್ಪನ ತಲೆಯ ಜಾಗಕ್ಕೊಂದು ಅಚ್ಚು

ನಮ್ಮ ರಬಿನಾಲ್ ಕಣಿವೆಯಲ್ಲಿ, ಮರದಲ್ಲಿ ತಲೆಬುರುಡೆಯಂತೆ ದುಂಡಗೆ ಬಿಡುವ ಬುರುಡೆಕಾಯಿ ಕೆತ್ತುವವರು ಮನೆಗೊಬ್ಬರಿದ್ದಾರೆ. ಹುಸ್ತಾ ಶಿತುಮುಲ್ ಕೂಡ ಕಾಯಿಗಳ ಮೇಲೆ ಹಕ್ಕಿ, ಹೂವು ಕೆತ್ತಿ ಸಂತೆಯಲ್ಲಿ ಮಾರುತ್ತಿದ್ದಳು. ಚರ್ಚಿನ ಹಿಂದಿನ ಕೋಣೆಯಲ್ಲಿ ನಾವು ಕೆಲವರು, ಕೆತ್ತಿದ ಹಲಗೆಗೆ ಮಸಿ ಬಳಿದು ಹಾಳೆಗೆ ಒತ್ತುವ ಅಚ್ಚಿನ ಯಂತ್ರ ಇಟ್ಟುಕೊಂಡಾಗ ಅವಳೂ ಬಂದು ಸೇರಿದಳು. ಕಾಯಿಗಿಂತ ಮರದ ಹಲಗೆ ಅವಳ ಕೈಗೆ ಒಗ್ಗಿತು.

ನಮ್ಮ ದೇಶದ ಅಂತರ್ಯುದ್ಧದಲ್ಲಿ ಅವಳ ಅಪ್ಪ ಲುಕಾಸ್‌ನನ್ನು ಸರ್ಕಾರದ ಸೈನಿಕರು ಎಳೆದೊಯ್ದಾಗ ಅವಳಿನ್ನೂ ಮೊಲೆ ಬಿಡದ ಕೂಸು. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಕಾಣೆಯಾದವರನ್ನು ಹುಡುಕುತ್ತ ಗುಡ್ಡದ ಹಳ್ಳವೊಂದನ್ನು ಅಗೆದಾಗ ಅವನ ಎಲುಬು ಸಿಕ್ಕವು. ತಲೆ ಸಿಗಲಿಲ್ಲ.

ಹುಸ್ತಾಳ ತಾಯಿ ತೋಮಾಸಾ ಹೂಳಲು ಒಪ್ಪದೆ ಎಲುಬಿನ ಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಟ್ಟಳು.

"ನಮ್ಮ ಹಳೇ ಕತೇಲಿ ಪಾತಾಳದ ದೊರೆಗಳು ಒಬ್ಬ ಪುಣ್ಯಾತ್ಮನ ತಲೆ ಕಡಿದು ಮರಕ್ಕೆ ಸಿಕ್ಸಿದ್ರಲ್ಲ, ಅದು ಬುರುಡೆಕಾಯಿ ಮಧ್ಯ ಇದ್ಕೊಂಡೇ ಅಲ್ಲಿಗೆ ಬಂದ ಹುಡುಗಿ ಹತ್ರ ಮಾತಾಡ್ತು. ಮೈ ಇಲ್ದಿದ್ರೂ ಬಾಯಿತ್ತು. ನಿಮ್ಮಪ್ಪಂಗೆ ಬಾಯೇ ಇಲ್ಲ ಕಣೇ. ಅಲ್ಲಿ ಸತ್ತ ಹಿರೀಕರಿಗೆ ತಾನ್ಯಾರು ಅಂತ ಹೆಂಗೆ ಹೇಳ್ತಾನೆ?"

ಮರುದಿನದಿಂದ ಹುಸ್ತಾ ಅಪ್ಪನ ತಲೆಗೆಂದು ಹಲಗೆ ಕೆತ್ತತೊಡಗಿದಳು. ಮುಖ ಕೆತ್ತಲಿಲ್ಲ, ಮುಖದ ನೆನಪೇ ಅವಳಿಗಿರಲಿಲ್ಲ. ದುಂಡನೆಯ ಕಪ್ಪು, ಅದರೊಳಗೆ ಬತ್ತಿದ ಹೊಳೆಯಂಥ ಗೆರೆಗಳು. ಗೆರೆಗಳನ್ನು ಬದಲಿಸುತ್ತ ಒಂದಾದ ಮೇಲೊಂದು ಹಾಳೆ ಒತ್ತಿದಳು.

ಪಕ್ಕದ ಮನೆಯ ಸಿರಿಲೋ ಇಣುಕಿ, "ಇದೇನವ್ವಾ, ಸೀದ ರೊಟ್ಟಿನಾ?" ಎಂದ.

"ಹೂಂ, ತಿಂತೀಯಾ?" ಎಂದಳು ತಲೆಯೆತ್ತದೆ.

ಕೊನೆಗೊಂದು ಸಂಜೆ ತೋಮಾಸಾ ತಾನೇ ಬಂದಳು. ಒಣಹಾಕಿದ್ದ ಹಾಳೆಗಳ ನಡುವೆ ನಿಧಾನವಾಗಿ ನಡೆದಳು.

"ಯಾವುದ್ರಲ್ಲಿದಾನೆ?"

"ನಂಗೇನು ಗೊತ್ತಮ್ಮ? ಅವನನ್ನ ನೋಡಿದೋಳು ನೀನು."

ಒಂದು ಹಾಳೆಯಲ್ಲಿ ಕಪ್ಪು ಒಂದು ಮಗ್ಗುಲಿಗೆ ಸೀಳಿ ತೆರೆದುಕೊಂಡಿತ್ತು. ತೋಮಾಸಾ ಅದರ ಮೇಲೆ ಬೆರಳಿಟ್ಟಳು. "ನಗೋವಾಗ ಹಿಂಗೇ ಬಾಯಿ ಒಂದ್ ಕಡೆ ಸೊಟ್ಟ ಮಾಡೋನು," ಎಂದವಳು ಅಲ್ಲೇ ಕೂತು ಅತ್ತಳು. ಆ ಹಾಳೆಯನ್ನು ತಲೆಯ ಜಾಗದಲ್ಲಿಟ್ಟು ಲುಕಾಸ್‌ನನ್ನು ಹೂಳಿದೆವು.

ಸುದ್ದಿ ಹರಡಿತು. ತಮ್ಮವರ ಒಂದು ಎಲುಬೂ ಸಿಗದವರು ಬಂದು, "ನಮಗೂ ಅದೇ ಒಂದು ಒತ್ಕೊಡು ತಾಯಿ," ಎಂದು ಕೇಳಿದರು.

"ಅದು ನಮ್ಮಪ್ಪಂದು. ನಿಮ್ಮೋರ ವಿಷಯ ಹೇಳಿ, ಬೇರೆ ಕೆತ್ತೀನಿ," ಎನ್ನುತ್ತಿದ್ದಳು. ಕೆಲವರು ಹೇಳಿದರು, ಕೆಲವರು ಸುಮ್ಮನೆ ಕೂತು ಎದ್ದುಹೋದರು. ಅವರಿಗೂ ಕೆತ್ತಿದಳು.

ನನ್ನಣ್ಣ ಅನ್ಸೆಲ್ಮೋನೂ ಆ ಯುದ್ಧದಲ್ಲಿ ಹೋದವನು ಬಂದಿಲ್ಲ. ಅವನು ಹಾಕುತ್ತಿದ್ದ ಸಿಳ್ಳೆಯೊಂದರ ಬಗ್ಗೆ ಬಿಟ್ಟರೆ ನನಗೆ ಬೇರೇನೂ ಹೇಳಲಾಗಲಿಲ್ಲ. ಹುಸ್ತಾ ಹಲಗೆಯುದ್ದಕ್ಕೂ ಒಂದೇ ಒಂದು ತೆಳು ಗೆರೆ ಎಳೆದಳು. ಯಂತ್ರದ ಚಕ್ರ ನಾನೇ ತಿರುಗಿಸಿದೆ. ಅದುವರೆಗೆ ಮಗ ಬದುಕಿದ್ದಾನೆಂದೇ ಹಟ ಹಿಡಿದಿದ್ದ ನನ್ನಮ್ಮ ಹಾಳೆಯನ್ನು ಗೋಡೆಗೆ ತಗುಲಿಸಿ, ಅವನ ಹೆಸರಿನಲ್ಲಿ, ಸತ್ತವರಿಗೆ ಇಡುವ ಮೇಣದ ಬತ್ತಿ ಹಚ್ಚಿದಳು.