ಬೆಟ್ಟದೂರಿನ ಲಾಡ್ಜಿನಕ್ಕ

ಮಕ್ಕಳೇ, ನಮ್ಮ ಬೆಟ್ಟದೂರಿನಲ್ಲಿ ಒಂದೇ ಲಾಡ್ಜಿತ್ತು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಲಾಡ್ಜಿನಕ್ಕ ಎನ್ನುತ್ತಿದ್ದರು. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಯಾತ್ರಿಕರು ಬರುವುದು ನಿಂತು, ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿದ್ದರೂ ಅಕ್ಕ ದಿನವೂ ಖಾಲಿ ರೂಮುಗಳ ಹಾಸಿಗೆ ತಂದು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದರು.

“ಯಾರ್ ಮಲ್ಗಿದ್ರು ಅಂತ ಬಡೀತೀಯಕ್ಕಾ, ತಿಗಣೆಗಳಾ?” ಎಂದು ನಾವು ರೇಗಿಸುತ್ತಿದ್ದೆವು.

“ಬರ್ತಾರೆ ಬುಡೇ” ಎನ್ನುತ್ತಿದ್ದರು.

ಗುಬ್ಬಿಯಿಂದ ಮಧ್ಯಾಹ್ನ ಬಂದು ಹೋಗುತ್ತಿದ್ದ ಒಂದೇ ಬಸ್ಸಿನ ಕಂಡಕ್ಟರು ಒಂದು ದಿನ, “ಜನಾನೇ ಇಲ್ಲ ಕಣಕ್ಕಾ, ಬಸ್ ನಿಲ್ಲಿಸ್ತಾರಂತೆ” ಎಂದ.

“ಮಧ್ಯಾನ ಬಂದ್ರೆ ಯಾರಪ್ಪ ಹತ್ತಾರೆ? ಸಂಜೆ ಬಂದು ಇಲ್ಲೇ ಹಾಲ್ಟ್ ಮಾಡಿ, ಬೆಳಿಗ್ಗೆ ಹೊರಡಿ. ನೀವ್ಯಾಕೆ ಬಸ್ಸಲ್ಲಿ ಮಲಗ್ತೀರಾ? ರೂಮು ನಂದು, ಮುದ್ದೆ ಸಾರು ನಂದು.”

ಅಕ್ಕ ಡಿಪೋಗೂ ಹೋಗಿ ಇದನ್ನೇ ಹೇಳಿದರು. ಡಿಪೋದವರು ಒಪ್ಪಿದರು.

ಬೆಳಗಿನ ಬಸ್ಸಾದ ಮೇಲೆ ಗುಬ್ಬಿ ದಾಟಿ ತುಮಕೂರಿನ ಕೆಲಸಕ್ಕೆ ಊರಿನಿಂದಲೇ ಹೋಗಿಬರುವಂತಾಯಿತು. ಅಲ್ಲಿನ ಬಟವಾಡಿಯಲ್ಲಿ ಬಾಡಿಗೆಗಿದ್ದ ನಮ್ಮೂರಿನವರು ಒಬ್ಬೊಬ್ಬರಾಗಿ ಬಂದು ತಮ್ಮ ಮನೆಗಳ ಬೀಗ ತೆಗೆದರು. ಹೋಟೆಲು, ಹೂವಿನಂಗಡಿ ಆದವು. ಯಾತ್ರಿಕರೂ ಬಂದರು. ಭಾನುವಾರ ರೂಮು ಸಾಲದಿದ್ದರೂ ಬಸ್ಸಿನವರ ರೂಮನ್ನು ಅಕ್ಕ ಯಾರಿಗೂ ಕೊಡಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಕಂಡಕ್ಟರಿಗೆ ಕಾಫಿ ತಂದರು. ಅವನು ಜನರ ಮಧ್ಯೆ ಸಿಕ್ಕಿಕೊಂಡು ಟಿಕೆಟ್ ಕೊಡುತ್ತಿದ್ದ.

“ಕಾಲಿಡಕ್ಕೂ ಜಾಗ ಇಲ್ಲ ಕಣಕ್ಕೋ!” ಎಂದು ಒಳಗಿನಿಂದಲೇ ಕೂಗಿದ.

ಅಕ್ಕ ಲೋಟವನ್ನು ಬಾಗಿಲಲ್ಲಿದ್ದವರಿಗೆ ಕೊಟ್ಟರು. ಅದು ತಲೆಗಳ ಮೇಲೆ, ಕೈಯಿಂದ ಕೈಗೆ, ಒಂದು ಹನಿಯೂ ಚೆಲ್ಲದೆ ಸಾಗಿತು. ನಮ್ಮೂರಲ್ಲಿ ಅಷ್ಟು ಕೈಗಳನ್ನು ನಾನು ಒಟ್ಟಿಗೆ ಕಂಡೇ ಇರಲಿಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಾ ನಿಂತುಬಿಟ್ಟರು.