ಒಂದು ಲಾರಿ, ಎರಡು ಡೀಸೆಲ್ ಟ್ಯಾಂಕು

ಮದುವೆ ಮಂಟಪದ ಹಿಂದೆ ಜನರೇಟರ್ ಶುರುವಾಗಿ ಡೀಸೆಲ್ ವಾಸನೆ ಹರಡಿದರೆ ಉಳಿದವರು ಸೆರಗನ್ನು ಮೂಗಿಗೆ ಹಿಡಿಯುತ್ತಾರೆ. ನನಗೆ ಮಾತ್ರ ರಾಯಚೂರಿನ ನಮ್ಮ ಅಂಗಳ, ಬೇವಿನ ಮರದ ಕೆಳಗೆ ನಿಂತ ಹಳೆಯ ಲಾರಿ, ಅದರ ಎರಡು ಬದಿಗೆ ಬೀಗ ಹಾಕಿದ ಎರಡು ಟ್ಯಾಂಕುಗಳು ನೆನಪಾಗುತ್ತವೆ. ನೀವೂ ಅಂಥ ಮನೆಯಿಂದ ಬಂದವರಾದರೆ ನಿಮಗೆ ಗೊತ್ತಿರುತ್ತದೆ, ಮನೆ ಒಂದೇ ದಿನಕ್ಕೆ ಒಡೆಯುವುದಿಲ್ಲ. ಮೊದಲು ಉಪ್ಪಿನಕಾಯಿ ಭರಣಿ ಬೇರೆಯಾಗುತ್ತದೆ, ಆಮೇಲೆ ನೀರಿನ ಕೊಡ. ನಮ್ಮಲ್ಲಿ ಡೀಸೆಲ್ ಬೇರೆಯಾಯಿತು.

ಲಾರಿ ಅಜ್ಜನದು. ಮಾರಬೇಡಿರೆಂದು ಹೇಳಿ ಅವರು ಕಣ್ಣು ಮುಚ್ಚಿದ್ದರಿಂದ ಅಪ್ಪ ಮತ್ತು ಅವರ ತಮ್ಮ, ನನ್ನ ಕಾಕಾ, ವಾರಕ್ಕೊಬ್ಬರಂತೆ ಓಡಿಸುತ್ತಿದ್ದರು. ಅಪ್ಪ ಮಾನ್ವಿಯಿಂದ ಭತ್ತ ತಂದರೆ ಕಾಕಾ ದೇವದುರ್ಗದಿಂದ ಹತ್ತಿ. ಲಾರಿ ಕೈ ಬದಲಾಗುವ ಪ್ರತಿ ಸೋಮವಾರ ಜಗಳ: “ಟ್ಯಾಂಕ್ ಒಣಗಿಸಿ ಕೊಟ್ಟಾನ.” ಈ ಬೈಗುಳದ ಗದ್ದಲದಲ್ಲಿ ನನಗಿದ್ದ ನೆಮ್ಮದಿಯ ಜಾಗವೆಂದರೆ ಕಾಕಾನ ಹೆಂಡತಿ ಚಿಗವ್ವನ ಮಗ್ಗುಲು. ಅವಳಿಗೆ ಮಕ್ಕಳಿರಲಿಲ್ಲ, ಅವ್ವನ ಮಡಿಲಲ್ಲಿ ಆಗ ತಮ್ಮನಿದ್ದ. ಕಾನ್ವೆಂಟಿಗೆ ಹೊರಡುವ ನನಗೆ ಎರಡು ಜಡೆ ಹಾಕಿ, ರಿಬ್ಬನ್ನಿನ ಹೂವು ಸಮ ಬಂದಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದವಳು ಅವಳೇ. ನಾನು ಮಲಗುತ್ತಿದ್ದುದೂ ಅವಳ ಕೌದಿಯೊಳಗೆ.

ಕೊನೆಗೆ ಅಪ್ಪನೇ ಮಸ್ತಾನ್ ಮೇಸ್ತ್ರಿಯನ್ನು ಕರೆಸಿ ಗುಜರಿಯ ಟ್ಯಾಂಕೊಂದನ್ನು ಲಾರಿಯ ಇನ್ನೊಂದು ಬದಿಗೆ ಕೂರಿಸಿದರು. ಸೀಟಿನ ಕೆಳಗೆ ನಲ್ಲಿಯಂತೆ ತಿರುಗಿಸುವ ಹಿತ್ತಾಳೆಯ ಕಾಕು ಬಂತು. ಅದರ ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಹಳೆಯ ಟ್ಯಾಂಕಿನಿಂದ, ಅಂದರೆ ಅಪ್ಪನದರಿಂದ, ಇಂಜಿನ್ನಿಗೆ ಡೀಸೆಲ್. ಬಲಕ್ಕೆ ತಿರುಗಿಸಿದರೆ ಕಾಕಾನ ಹೊಸ ಟ್ಯಾಂಕಿನಿಂದ.

“ದೂರ ಹೋಗೋರು ಎರಡು ಟ್ಯಾಂಕ್ ಹಾಕಸ್ತಾರ ಸಾವ್ಕಾರ್ರೆ. ದೂರ ಆಗೋರು ಹಾಕ್ಸಿದ್ದು ಇದೇ ಮೊದಲ ನೋಡ್ರಿ,” ಎಂದ ಮಸ್ತಾನ್. ಅಪ್ಪನ ಬೀಗದ ಕೈ ಉಡಿದಾರಕ್ಕೆ ಹೋಯಿತು, ಕಾಕಾನದು ಚಿಗವ್ವನ ಸೆರಗಿನ ಗಂಟಿಗೆ.

ಆದರೆ ಕಾಕಾನ ಡೀಸೆಲ್ ಮೊದಲಿಗಿಂತ ಬೇಗ ಮುಗಿಯತೊಡಗಿತು. ಅವರ ವಾರದ ಒಂದು ಬೆಳಿಗ್ಗೆ ಅಪ್ಪನ ಟ್ಯಾಂಕಿನ ಮುಚ್ಚಳದ ಸಂದಿಯಿಂದ ಡೀಸೆಲ್ ಒಸರಿ, ಅಂಗಳದ ಸಗಣಿ ಸಾರಣೆಯ ಮೇಲೆ ಕಪ್ಪಾಗಿ ಹರಡಿತ್ತು. ಆ ವಾರ ಅಪ್ಪ ಅದಕ್ಕೆ ಡೀಸೆಲ್ ಹಾಕಿಸಿಯೇ ಇರಲಿಲ್ಲ.

“ಕದ್ದ ಡೀಸೆಲ್ ಹೊಟ್ಟಿ ತುಂಬಿ ತುಳಕಾಕತ್ತದ ನೋಡ್ರಿ!” ಕಾಕಾ ಓಣಿಗೆಲ್ಲ ಕೇಳುವಂತೆ ಕೂಗಿದರು.

“ನಾಲಿಗಿ ಬಿಗಿ ಹಿಡೀಲೇ. ನಿನ್ನ ಕೀಲಿ ನಿನ್ನ ಹೇಣ್ತಿ ಸೆರಗಿನಾಗ ಅದ,” ಎಂದರು ಅಪ್ಪ.

“ಆ ಸೆರಗಿನ ಮಗ್ಗಲಾಗ ಯಾರು ಮಲಗ್ತಾರ? ನಿನ್ನ ಮಗಳು! ಗಂಟು ಬಿಚ್ಚೋದೂ ಕಾನ್ವೆಂಟಿನಾಗ ಕಲಿಸ್ತಾರೇನು?”

ನಾನು ಯೂನಿಫಾರ್ಮಿನಲ್ಲಿ, ಒಂದೇ ಜಡೆ ಮುಗಿದ ತಲೆಯಲ್ಲಿ ನಿಂತಿದ್ದೆ. ಬಾಚಣಿಗೆ ಹಿಡಿದ ಚಿಗವ್ವ ಇಲ್ಲ ಎನ್ನುತ್ತಾಳೆಂದು ಕಾದೆ. ಅವಳ ಎಡಗೈ ಸೆರಗಿಗೆ ಹೋಯಿತು. ಗಂಟನ್ನು ಮುಟ್ಟಿ, ಅದು ತಾನೇ ಹಾಕಿದ ಗಂಟು ಹೌದೋ ಅಲ್ಲವೋ ಎಂದು ಬೆರಳಾಡಿಸಿ, ನನ್ನ ಮುಖ ನೋಡಿದಳು. ಅಷ್ಟೇ. ಇನ್ನೊಂದು ಜಡೆಯನ್ನು ಅವ್ವ ಎಳೆದು ಎಳೆದು ಹೆಣೆದಳು.

ಅದೇ ವಾರ ಕಾಕಾ ಚಿಗವ್ವನನ್ನು ಕರೆದುಕೊಂಡು ದೇವದುರ್ಗಕ್ಕೆ ಮನೆ ಮಾಡಿದರು. ಲಾರಿಯ ಸರದಿ ಮಾತ್ರ ನಿಲ್ಲಲಿಲ್ಲ. ಕಾಕು ಸೋರುತ್ತದೆಂದು ಲಾರಿ ಮತ್ತೆ ಮಸ್ತಾನನ ಕೈಗೆ ಹೋದಾಗ, ಅವನು ಎಣ್ಣೆಗೈಯಲ್ಲೇ ನಮ್ಮ ಬಾಗಿಲಿಗೆ ಬಂದು ನಿಂತ. ಸರದಿಗೆಂದು ಬಂದ ಕಾಕಾನೂ ಅಲ್ಲೇ ಇದ್ದರು.

“ಗಲ್ತಿ ನಂದೈತ್ರಿ. ಇಂಜಿನ್ ತನಗ ಬೇಕಾದಷ್ಟ ಸುಡ್ತದ, ಮಿಕ್ಕಿದ ಡೀಸೆಲ್ ಸಣ್ಣ ಪೈಪಿನಾಗ ಟ್ಯಾಂಕಿಗೆ ವಾಪಸ್ ಕಳಸ್ತದ. ಆ ಪೈಪು ನಾ ಹಳೇ ಟ್ಯಾಂಕಿಗೇ ಬಿಟ್ಟಿದ್ದೆ. ಸಣ್ಣ ಸಾವ್ಕಾರ್ರು ತಮ್ಮ ಡೀಸೆಲ್ ಮ್ಯಾಲೆ ಓಡಿಸಿದಾಗೆಲ್ಲ ಮಿಕ್ಕಿದ್ದು ದೊಡ್ಡ ಸಾವ್ಕಾರ್ರ ಟ್ಯಾಂಕಿಗೆ ಬೀಳಾಕತ್ತಿತ್ತು. ಯಾರೂ ಕದ್ದಿಲ್ರಿ.”

ಅಪ್ಪ ತಮ್ಮನ ಕಡೆ ನೋಡಲೇ ಇಲ್ಲ. ಕಾಕಾ ಚಪ್ಪಲಿ ಮೆಟ್ಟುತ್ತಾ, “ಪೈಪು ತಪ್ಪಿರಬೌದು. ಇಂವ ಸಾಚಾ ಅಂತ ಪೈಪೇನು ಹೇಳಿಲ್ಲಲ್ಲ,” ಎಂದರು. ಮಸ್ತಾನ್ ಕಾಕಿನ ಜೊತೆಗೇ ಬದಲಾಗುವಂತೆ ಎರಡನೇ ಟ್ಯಾಂಕಿಗೂ ವಾಪಸ್ ಪೈಪು ಎಳೆದುಕೊಟ್ಟ. ಆ ಮೇಲೆ ಒಂದು ಹನಿಯೂ ಈ ಕಡೆಯಿಂದ ಆ ಕಡೆ ಹೋಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನಾನು ಸೀರೆ ಉಡತೊಡಗಿದ ಕಾಲಕ್ಕೆ, ಮಾನ್ವಿಯ ಒಂದು ಮದುವೆಯಲ್ಲಿ ಚಿಗವ್ವ ಸಿಕ್ಕಳು. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬಂದವಳು ನನ್ನ ಎಲೆಯ ಮುಂದೆ ನಿಂತಳು. ಕೂದಲು ಬೆಳ್ಳಗಾಗಿತ್ತು. ಬಗ್ಗಿ, ಬಡಿಸುವ ನೆಪದಲ್ಲಿ ಮೆಲ್ಲಗೆ, “ಆವತ್ತ ನಾ ನಿನ್ನ ಮಾರಿ ಹಂಗ ನೋಡಬಾರದಿತ್ತು ಬೇ,” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಂಬದ ಹತ್ತಿರದಿಂದ ಕಾಕಾ, “ಏ, ಆ ಮಂದಿಗೆ ಹಾಕಿದ್ದು ಸಾಕು, ಈ ಕಡಿ ಬಾ,” ಎಂದು ಕೂಗಿದರು. ಅವಳು ಇನ್ನೊಂದು ಹೋಳಿಗೆಯನ್ನು ಅವಸರದಲ್ಲಿ ನನ್ನ ಎಲೆಗೆ ಹಾಕಿ ಹೊರಟುಹೋದಳು. ಪಕ್ಕದವರೆಲ್ಲ ಕೈತೊಳೆಯಲು ಎದ್ದರು. ನಾನು ಆ ಹೋಳಿಗೆಯನ್ನು ತಿನ್ನಲಾರದೆ, ಬಿಟ್ಟು ಏಳಲಾರದೆ, ಎಲೆ ಎತ್ತುವವರು ಬರುವತನಕ ಅಲ್ಲೇ ಕೂತಿದ್ದೆ.