ತೂಕ ಏರುತ್ತಿತ್ತು, ಮನುಷ್ಯ ಕರಗುತ್ತಿದ್ದ

ನಮ್ಮ ಯಜಮಾನರ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ನಾನಲ್ಲ. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಪಕ್ಕದ ಬಿಲ್ಡಿಂಗಿನ ಹೆಂಗಸು, ನಾನು ವೈನಿ ಎಂದು ಕರೆಯುವವಳು. ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲೇ ನಾನು ಹೊಲಿಗೆ ಮಾಡುತ್ತೇನೆ. ಊರ ಮಂದಿಯ ಮೈ ಅರ್ಧ ಇಂಚು ಹೆಚ್ಚುಕಡಿಮೆಯಾದರೂ ನನ್ನ ಕಣ್ಣಿಗೆ ಬೀಳುತ್ತದೆ. ಮನೆಯ ಮನುಷ್ಯ ಮಾತ್ರ ಬೀಳಲಿಲ್ಲ.

ರಕ್ತ ಪರೀಕ್ಷೆಯಾಯಿತು. ಜಾಂಡೀಸ್, ನಮ್ಮ ಮಾತಿನಲ್ಲಿ ಕಾಮಣಿ. ವಿಶ್ರಾಂತಿ ಇರಲಿ, ಮನೆ ಊಟ ಇರಲಿ, ಕೆಲವು ವಾರಗಳಲ್ಲಿ ಇಳಿಯುತ್ತದೆ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿ ಕಳಿಸಿದರು. ಊಟ ಬಿಡಿಸಿ ಎಂದು ಅವರು ಹೇಳಲೇ ಇಲ್ಲ. ಆದರೆ ನಮ್ಮ ಕಡೆ ಕಾಮಣಿ ಎಂದರೆ ಪಥ್ಯ. ದೌಂಡದಿಂದ ಯಜಮಾನರ ಅಕ್ಕ ರೈಲು ಹತ್ತಿ ಬಂದರು. ಯಾವುದೋ ಬೇರಿನ ಔಷಧಿ ತಂದಿದ್ದರು, ಜೊತೆಗೆ ನಿಯಮಗಳನ್ನೂ ತಂದಿದ್ದರು. ಮೂರು ತಿಂಗಳು ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ, ಹಾಲು ಮೊಸರಿಲ್ಲ. ತೆಳ್ಳನೆ ಗಂಜಿ, ಕಬ್ಬಿನ ಹಾಲು, ಮೋಸಂಬಿ ರಸ. ಅಷ್ಟೇ.

ನಿಯಮ ಅವರದು, ಪೊಲೀಸ್ ಕೆಲಸ ನನ್ನದು. ಅಕ್ಕನೇ ಒಮ್ಮೆ ಫೋನಿನಲ್ಲಿ ಒಂದೆರಡು ಚಮಚ ಬೇಳೆಕಟ್ಟು ಕೊಟ್ಟರೆ ನಡೆದೀತು ಎಂದಾಗ ನಾನೇ ಬೇಡ ಎಂದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ತಿಂಗಳೊಳಗೆ ಹಳದಿ ಹೋಯಿತು. ಪಥ್ಯ ಹೋಗಲಿಲ್ಲ.

ಅವರು ಭೋಸರಿಯ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ದಿನವಿಡೀ ನಿಂತು ದುಡಿದ ಮನುಷ್ಯ. ಎರಡನೇ ತಿಂಗಳಲ್ಲಿ ನೆಲದಿಂದ ಏಳಲು ಗೋಡೆ ಹಿಡಿಯತೊಡಗಿದರು. ಆಮೇಲೆ ನನ್ನ ಹೆಗಲು. ಆಮೇಲೆ ಮಂಚ ಬಿಟ್ಟು ಏಳಲೇ ಇಲ್ಲ. ಅಶಕ್ತಿ, ಕಾಮಣಿ ಆದವರಿಗೆ ಇದ್ದದ್ದೇ, ಎಂದುಕೊಂಡೆವು.

ಅಷ್ಟರಲ್ಲಿ ತೂಕ ಏರತೊಡಗಿತು.

ನಾನೂ ವೈನಿಯೂ ಎರಡೂ ಕಡೆ ಹಿಡಿದು ತೂಕದ ಮಷೀನಿನ ಮೇಲೆ ನಿಲ್ಲಿಸುತ್ತಿದ್ದೆವು. ಒಂದು ವಾರ ಎರಡು ಕಿಲೋ, ಮುಂದಿನ ವಾರ ಮತ್ತೆರಡು. ಕೆನ್ನೆ ತುಂಬಿಕೊಂಡವು. ನೋಡಲು ಬಂದವರೆಲ್ಲ ತಬ್ಯೇತು ಸುಧಾರಿಸಿದೆ ಎಂದು ಹರಸಿ ಹೋದರು. ನಾನು ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದೆ. ಹೌದು, ಪೇಢೆ.

ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸುತ್ತಿದ್ದೆ. ಬೆನ್ನಿಗೆ ಸೋಪು ಹಚ್ಚಿದ ಕೈ ಎಲುಬಿನಿಂದ ಎಲುಬಿಗೆ ಎಡವುತ್ತಾ ಇಳಿಯಿತು. ತೋಳು ನನ್ನ ಹಿಡಿಯೊಳಗೆ ಬಂತು. ತೊಡೆಯಲ್ಲಿ ಚರ್ಮ ಸಡಿಲಾಗಿ ಜೋತಿತ್ತು. ಮೊಣಕಾಲಿನ ಕೆಳಗೆ ಮಾತ್ರ ಕಾಲು ದಪ್ಪಗೆ, ನುಣ್ಣಗೆ, ಹೊಳೆಯುತ್ತಿದ್ದವು. ಮೇಲೊಬ್ಬ ಮನುಷ್ಯ, ಕೆಳಗೊಬ್ಬ. ನಡುವೆ ನಮ್ಮವರು ಎಲ್ಲಿದ್ದಾರೋ ತಿಳಿಯಲಿಲ್ಲ. ಅವರೂ ಬಗ್ಗಿ ನೋಡುತ್ತಿದ್ದರು.

"ಇವು ಯಾರ ಕಾಲು?" ಎಂದು ಕೇಳಿದರು. ತಮಾಷೆಗಲ್ಲ.

ನಾನು ಕಣಕಾಲ ಮೇಲೆ ಬೆರಳು ಒತ್ತಿದೆ. ಬೆರಳು ತೆಗೆದೆ. ಗುಣಿ ಹಾಗೇ ಉಳಿಯಿತು. ಚೊಂಬಿನ ನೀರು ಹೊಯ್ದರೆ ಅದರಲ್ಲಿ ಹನಿ ನಿಂತಿತು.

ಅವತ್ತೇ ಅಡ್ಮಿಟ್ ಮಾಡಿದೆವು. ಲಿವರ್ ಚೇತರಿಸಿಕೊಂಡಿತ್ತು, ಕಿಡ್ನಿ ಸರಿ ಇತ್ತು. ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನು ತೀರಾ ತಳಕ್ಕಿಳಿದಿತ್ತು. ಏರಿದ ತೂಕವೆಲ್ಲ ಬರೀ ನೀರು. ಮತ್ತೆ ತಮ್ಮ ಕಾಲ ಮೇಲೆ ನಿಲ್ಲುತ್ತಾರಾ ಎಂದು ಕೇಳಿದೆ. ನಿಂತರೆ ಲೇತಿನ ಕೆಲಸ ಉಂಟು, ನಿಲ್ಲದಿದ್ದರೆ ಈ ಮಂಚವೇ ಗತಿ, ಅದು ನನ್ನ ಲೆಕ್ಕ. ಈಗಲೇ ಹೇಳಲಾಗದು ಎಂದರು ಡಾಕ್ಟರು.

ಡಯಟಿಷಿಯನ್ ಹುಡುಗಿ ಮೈಸೂರಿನ ಕಡೆಯವಳು. ನಾನು ಪಥ್ಯದ ಪಟ್ಟಿ ಹೇಳುತ್ತಾ ಹೋದಂತೆ ಅವಳ ಪೆನ್ನು ನಿಂತುಹೋಯಿತು.

"ಒಲೆ ಆರೋ ಹಾಗಿಲ್ಲ ಅಮ್ಮಾ. ನೀವು ಸೌದೆ ಕೊಡಲಿಲ್ಲ ಅಂತ ಇವರ ದೇಹ ಮನೆ ತೊಲೆನೇ ಕಿತ್ತು ಉರಿಸ್ತಾ ಇತ್ತು," ಎಂದಳು.

ಆ ಮಾತು ಕೇಳಿದ ಮೇಲೆ ವಾರ್ಡಿನಲ್ಲಿ ಅವರ ಪಕ್ಕ ಕೂರಲು ನನಗೆ ಹೆದರಿಕೆಯಾಗುತ್ತಿತ್ತು. ಒಳಗೊಳಗೇ ಏನೋ ಮೆಲ್ಲುತ್ತಿದೆ ಅನ್ನಿಸಿ ಅವರ ಎದೆಯನ್ನೇ ನೋಡುತ್ತಿದ್ದೆ. ಊಟ ಕೊಡೋಣವೆಂದರೆ ಅದಕ್ಕೂ ಭಯ. ಅಷ್ಟು ದಿನ ಹಸಿದ ಮೈಗೆ ಒಮ್ಮೆಲೇ ತುಂಬಿದರೆ ಊಟವೇ ಜೀವಕ್ಕೆ ಕುತ್ತಾಗಬಹುದಂತೆ. ದಿನವೂ ರಕ್ತ ತೆಗೆದು ನೋಡಿ, ಇಷ್ಟಿಷ್ಟೇ ಏರಿಸಿದರು.

ಮನೆಗೆ ಬಂದ ಮೇಲೆ ನಾನು ಇನ್ನೊಂದು ಅತಿರೇಕಕ್ಕೆ ಹೋದೆ. ಮೊಟ್ಟೆ ನಮ್ಮಲ್ಲಿ ನಡೆಯುವುದಿಲ್ಲ. ಹಾಗಾಗಿ ಬೇಳೆ, ಮಡಿಕೆ ಕಾಳು, ಪನೀರು, ಪ್ರೋಟೀನ್ ಪುಡಿ. ಹೊಟ್ಟೆ ಕೆಟ್ಟೀತೆಂದು ರೊಟ್ಟಿ, ಅನ್ನ, ತುಪ್ಪ ಚಿಟಿಕೆಯಷ್ಟು. ಎರಡು ವಾರವಾದರೂ ತೋಳಿನ ಅಳತೆ ಅಲ್ಲೇ ಇತ್ತು. ಡಯಟಿಷಿಯನ್ ಹುಡುಗಿ ನನ್ನನ್ನು ಮತ್ತೆ ಕೂರಿಸಿಕೊಂಡು ಹೇಳಿದಳು. ಹೊಟ್ಟೆ ತುಂಬ ಕ್ಯಾಲರಿ ಇಲ್ಲದಿದ್ದರೆ ಪ್ರೋಟೀನೂ ಸೌದೆಯಾಗಿ ಉರಿದುಹೋಗುತ್ತದೆ. ರೊಟ್ಟಿ ಉರಿಯಬೇಕು, ಬೇಳೆ ಮೈ ಕಟ್ಟಬೇಕು. ಎರಡೂ ಇದ್ದರೂ ಸಾಲದು, ಸ್ನಾಯುವಿಗೆ ಕೆಲಸ ಕೊಡದಿದ್ದರೆ ಅದು ಬೆಳೆಯುವುದಿಲ್ಲ.

ಅಂದಿನಿಂದ ದಿನಕ್ಕೆ ಆರು ಸಲ ಊಟ. ಜೋಳದ ರೊಟ್ಟಿ, ಗಟ್ಟಿ ಬೇಳೆ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಮೊಸರು. ದಿನಕ್ಕೆರಡು ಬಾರಿ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಮೊದಲ ದಿನ ಅರ್ಧ ಎದ್ದು ನಡುಗಿ ಕುಸಿದರು. ನನ್ನ ಬಾಯಿ ಸುಮ್ಮನಿರುವುದಲ್ಲ. ಲೇತ್ ಮಷೀನಿಗೆ ಜಾಡಿಸುತ್ತಿದ್ದಿರಲ್ಲ, ಆ ಬೈಗುಳ ಈ ಕುರ್ಚಿಗೆ ಬೈಯಿರಿ ಎಂದೆ. ಬೈದರು. ಬೈಯುತ್ತಲೇ ಇನ್ನೊಮ್ಮೆ ಎದ್ದರು. ವಾರ ಕಳೆದಂತೆ ನೀರು ಇಳಿದು ತೂಕವೂ ಇಳಿಯಿತು. ಈ ಸಲ ಅದಕ್ಕೆ ಖುಷಿಪಡಲು ಹೊಸದಾಗಿ ಕಲಿಯಬೇಕಾಯಿತು.

ಈಗಲೂ ಪೂರ್ತಿ ಗುಣವಾಗಿಲ್ಲ. ನನ್ನ ಹೆಗಲು ಹಿಡಿದು ಮೆಟ್ಟಿಲು ಏರುವಾಗಲೂ ಎರಡು ಕಡೆ ನಿಲ್ಲುತ್ತಾರೆ, ನೆಲಕ್ಕೆ ಕೂರಲಾರರು. ಕಳೆದದ್ದು ಮೂರು ತಿಂಗಳಲ್ಲಿ, ಕೂಡಿಸಲು ವರ್ಷ ಹಿಡಿಯಬಹುದು ಎನ್ನುತ್ತಾರೆ. ಅಕ್ಕನನ್ನು ನಾನು ಬೈದಿಲ್ಲ. ಯಾವ ಬಾಯಿಂದ ಬೈಯಲಿ?

ಮೊನ್ನೆ ಮಧ್ಯಾಹ್ನ ಹೊರಕೋಣೆಯಲ್ಲಿ ಮಷೀನು ನಿಲ್ಲಿಸಿ ದಾರ ಪೋಣಿಸುತ್ತಿದ್ದೆ. ಒಳಗೆ ಯಾರೋ ನಡೆದ ಸದ್ದು. ಹಿಮ್ಮಡಿ ಎಳೆದು, ನಿಂತು, ಮತ್ತೆ ಎಳೆದ ಹಾಗೆ. ತಿಂಗಳುಗಟ್ಟಲೆ ಈ ಮನೆಯಲ್ಲಿ ಒಂಟಿಯಾಗಿ ಓಡಾಡಿದ್ದು ನಾನೊಬ್ಬಳೇ. ಅವರು ಏಳಬೇಕೆಂದರೆ ನನ್ನನ್ನು ಕರೆಯಬೇಕು. ಯಾರೂ ಕರೆದಿರಲಿಲ್ಲ. ಕತ್ತರಿ ಹಿಡಿದುಕೊಂಡೇ ಒಳಗೆ ಹೋದೆ.

ಅಡುಗೆಮನೆಯ ಕಟ್ಟೆಯ ಮುಂದೆ ಅವರು ನಿಂತಿದ್ದರು. ಯಾವುದನ್ನೂ ಹಿಡಿದಿರಲಿಲ್ಲ. ಎರಡೂ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು.

"ಕೂಡ್ರಿ ಮೊದ್ಲ, ಬೀಳ್ತೀರಿ," ಎಂದೆ.

"ನಿಂತ ತಿಂತೀನಿ," ಎಂದರು. "ಭಾಳ ದಿನ ಆತು ನಿಂತು."

ಅವರು ತಿಂದು ಮುಗಿಸುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.